ಸರ್ಟಿಫಿಕೇಟಿನಲ್ಲಿ ‘ಆಟಿಸಂ’ ಅಂತಲೇ ಇದೆಯಾ, ನೋಡಿಕೊಳ್ಳಿ

“ಮೂರು ವರ್ಷ ಆದ್ರೂ ಮಗಾ ಮಾತಾಡವಲ್ಲ ರೀ, ಕರೆದ್ರ ತಿರುಗಿ ನೋಡವಲ್ಲ. ಮನ್ಯಾಗ ಎಲ್ಲಾರೂ, ಗಂಡು ಹುಡುಗರು ಮಾತು ತಡಾ ಅಂತಾರ.” ಬೆಟಗೇರಿಯಿರಲಿ, ಲಕ್ಷ್ಮೇಶ್ವರವಿರಲಿ, ಇಂಥ ಮಾತನ್ನು ನೀವೂ ಕೇಳಿರುತ್ತೀರಿ. ಕೊನೆಗೆ ವೈದ್ಯರು ‘ಇದು ಆಟಿಸಂ’ ಎಂದಾಗ ತಾಯಿ ಕೇಳುವುದು ಒಂದೇ: ಸರ್ಕಾರ ಇದಕ್ಕೆ ಏನಾದ್ರೂ ಮಾಡ್ತದಾ?

ಸರ್ಕಾರದ ದುಡ್ಡು ಬರುವುದು ಪಟ್ಟಿಯಲ್ಲಿ ಹೆಸರಿದ್ದವರಿಗೆ. 1995ರ ಅಂಗವಿಕಲರ ಕಾಯ್ದೆಯ ಏಳು ವಿಭಾಗಗಳಲ್ಲಿ ಆಟಿಸಂ ಇರಲೇ ಇಲ್ಲ. 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯಲ್ಲಿ ಹೆಸರು ಬಂತು. ಆದರೂ 2011ರ ಜನಗಣತಿಯಲ್ಲಿ ಅದಕ್ಕೆ ಬೇರೆ ಕಾಲಂ ಇರಲಿಲ್ಲ. ಈ ಮಕ್ಕಳು ‘ಬುದ್ಧಿಮಾಂದ್ಯ’ದಲ್ಲೋ ‘ಇತರೆ’ಯಲ್ಲೋ ಕರಗಿಹೋದರು. ಮುಂಡರಗಿಯಲ್ಲಿ ಇಂಥವರು ಎಷ್ಟು ಮಂದಿ ಎಂದು ಆ ಗಣತಿ ನೋಡಿ ಹೇಳಲಾಗದು. ಲೆಕ್ಕಕ್ಕೇ ಸಿಗದವರಿಗೆ ದುಡ್ಡು ಎತ್ತಿಡುವವರು ಯಾರು? 2016ರ ಹೊಸ ಕಾಯ್ದೆ 21 ವೈಕಲ್ಯಗಳ ಪಟ್ಟಿಯಲ್ಲಿ ಆಟಿಸಂ ಅನ್ನು ಸೇರಿಸಿತು.

ಇನ್ನು ಸಂಶೋಧನೆ. ಐಸಿಎಂಆರ್, ನಿಮ್ಹಾನ್ಸ್, ಮೈಸೂರಿನ ವಾಕ್ ಶ್ರವಣ ಸಂಸ್ಥೆ ಆರೋಗ್ಯ ಸಚಿವಾಲಯದಡಿ. ಜೈವಿಕ ತಂತ್ರಜ್ಞಾನ ಇಲಾಖೆ ವಿಜ್ಞಾನ ಸಚಿವಾಲಯದಡಿ. ನ್ಯಾಷನಲ್ ಟ್ರಸ್ಟ್ ಸಾಮಾಜಿಕ ನ್ಯಾಯ ಸಚಿವಾಲಯದಡಿ. ಒಂದೇ ಮನೆಯ ಖರ್ಚನ್ನು ಮೂರು ಡಬ್ಬಿಯಲ್ಲಿಟ್ಟ ಹಾಗೆ! ಅಮೆರಿಕದಲ್ಲಿ 2006ರ ಕಾಯ್ದೆಯ ನಂತರ ಸಮಿತಿಯೊಂದು ಆಟಿಸಂ ಸಂಶೋಧನೆಯ ಖರ್ಚನ್ನು ವಿಂಗಡಿಸಿ ಪ್ರಕಟಿಸತೊಡಗಿತು. ಅದರಿಂದ ಗೊತ್ತಾದದ್ದೇನು? ಸಿಂಹಪಾಲು ಮೆದುಳು, ಜೀವಕೋಶಗಳ ಅಧ್ಯಯನಕ್ಕೆ. ಸೇವೆಗಳಿಗೆ, ದೊಡ್ಡವರಾದ ಮೇಲಿನ ಬದುಕಿಗೆ ಚೂರುಪಾರು. ‘ನಾವು ಹೋದಮೇಲೆ ಇವನ ಗತಿ ಏನು’ ಎಂಬ ಪ್ರಶ್ನೆಗೆ ಅಲ್ಲೂ ಕೊನೆಯ ಜಾಗವೇ. ಜೀವಕೋಶದ ಅಧ್ಯಯನ ಬೇಡವೆಂದಲ್ಲ. ಆದರೆ ಶಿರಹಟ್ಟಿಯ ಮಗುವಿಗೆ ಹತ್ತಿರದಲ್ಲೇ ಮಾತು ಕಲಿಸುವುದು ಹೇಗೆ ಎಂಬುದೂ ಸಂಶೋಧನೆಯೇ ಅಲ್ವಾ?

ನೀವು ಮಾಡಬಹುದಾದದ್ದು ಇಷ್ಟು. ಅಂಗನವಾಡಿ, ಶಾಲೆಗಳಿಗೆ ಬರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ತಂಡದ ಪಟ್ಟಿಯಲ್ಲಿ ಆಟಿಸಂ ‘ವರ್ತನೆಯ ತೊಂದರೆ’ ಎಂಬ ಹೆಸರಿನಡಿ ಇದೆ. ‘ಸ್ವಲ್ಪ ಹಠಮಾರಿ’ ಅಂತ ನಕ್ಕು ಕಳಿಸಬೇಡಿ, ಕಂಡದ್ದನ್ನೆಲ್ಲ ಹೇಳಿ. ‘ಹೇಗೋ ಒಂದು ಸರ್ಟಿಫಿಕೇಟ್ ಸಿಕ್ರೆ ಸಾಕು’ ಎಂದು ಬುದ್ಧಿಮಾಂದ್ಯ ಅಂತ ಬರೆಸಿಕೊಂಡು ಬರಬೇಡಿ. ಎರಡೂ ಇದ್ದರೆ ಎರಡೂ ದಾಖಲಾಗಲಿ. ಯುಡಿಐಡಿ ಕಾರ್ಡಿಗೆ ಅರ್ಜಿ ಹಾಕುವಾಗಲೂ ಇದೇ ಎಚ್ಚರ. ನ್ಯಾಷನಲ್ ಟ್ರಸ್ಟಿನ ‘ನಿರಾಮಯ’ ವಿಮೆ ವರ್ಷಕ್ಕೆ 1 ಲಕ್ಷ ರೂಪಾಯಿವರೆಗೆ, ಥೆರಪಿಯ ಖರ್ಚನ್ನೂ ಸೇರಿಸಿ, ಕೊಡುತ್ತದೆ. ಅದಕ್ಕೂ ಈ ಸರ್ಟಿಫಿಕೇಟೇ ಬೇಕು. ಹಳೆಯದರಲ್ಲಿ ತಪ್ಪು ಹೆಸರಿದ್ದರೆ ಜಿಲ್ಲಾ ಆಸ್ಪತ್ರೆಯಲ್ಲಿ ಮರುಪರೀಕ್ಷೆ ಕೇಳಿ.