ಬ್ರಾಂಚ್ ಸರಿ, ವಾರ್ಡ್ ಹೇಗಿದೆ?

ನೀಟ್-ಪಿಜಿ ಕೌನ್ಸೆಲಿಂಗ್ ಶುರುವಾಯಿತೆಂದರೆ ಬೆಳಗಾವಿ, ವಿಜಯಪುರ ಕಡೆಯಿಂದ ಪುಣೆಗೆ, ನನ್ನ ಫೋನಿಗೆ, ಕರೆಗಳು ಹೆಚ್ಚುತ್ತವೆ. ಕೇಳುವವರು ಹೆಚ್ಚಾಗಿ ಅಪ್ಪಂದಿರು. 'ಮೆಡಿಸಿನ್ ಸಿಗ್ತದ, ಸೇರಿಸಬಹುದಾ?' ಶುಲ್ಕ, ಬ್ರಾಂಚಿನ ಗೌರವ, ಮುಂದಿನ ಆದಾಯ ಎಲ್ಲದರ ಲೆಕ್ಕ ಅವರಲ್ಲಿರುತ್ತದೆ. ಮಗಳು ಮೂರು ವರ್ಷದ ರಾತ್ರಿಗಳನ್ನು ಹೇಗೆ ಕಳೆಯುತ್ತಾಳೆ ಎಂಬ ಲೆಕ್ಕವೊಂದು ಇರುವುದಿಲ್ಲ.

ಬ್ರಾಂಚ್ ಜೀವನಪೂರ್ತಿ ಜೊತೆಗಿರುವಂಥದ್ದು, ಅದರಲ್ಲಿ ರಾಜಿ ಬೇಡ. ಕಾಲೇಜಿನ ಹೆಸರಿನಲ್ಲಿ ಧಾರಾಳವಾಗಿ ರಾಜಿಯಾಗಬಹುದು ಎಂಬುದು ನನ್ನ ಅಭಿಪ್ರಾಯ. ರೆಸಿಡೆಂಟರ ಕೆಲಸ ಸಾಮಾನ್ಯವಾಗಿ ದಿನಕ್ಕೆ 12 ಗಂಟೆ, ವಾರಕ್ಕೆ 48 ಗಂಟೆ ಮೀರಬಾರದು ಎಂದು ಕೇಂದ್ರದ ರೆಸಿಡೆನ್ಸಿ ಯೋಜನೆ 1992ರಲ್ಲೇ ಹೇಳಿತ್ತು. 2023ರ ಸ್ನಾತಕೋತ್ತರ ವೈದ್ಯ ಶಿಕ್ಷಣ ನಿಯಮಾವಳಿಯಲ್ಲಿ ಇರುವುದು 'ಸಮಂಜಸ ಅವಧಿ' ಎಂಬ ಮಾತಷ್ಟೇ. ಎಷ್ಟು ಸಮಂಜಸ ಎಂಬುದನ್ನು ಆಯಾ ವಿಭಾಗವೇ ತೀರ್ಮಾನಿಸುತ್ತದೆ. ಹಾಗಾಗಿ ಒಂದೇ ಕಾಲೇಜಿನ ಎರಡು ವಿಭಾಗಗಳು ಎರಡು ಲೋಕಗಳಾಗಿರಬಹುದು.

ತಿಳಿದುಕೊಳ್ಳುವುದು ಹೇಗೆ? ಪ್ರೊಫೆಸರರನ್ನಲ್ಲ, ಅದೇ ಯೂನಿಟ್ಟಿನ ಎರಡನೇ ವರ್ಷದವರನ್ನು ಕೇಳಿ. ಮೊದಲ ವರ್ಷದವರು ನಿದ್ದೆಗೆಟ್ಟಿರುತ್ತಾರೆ, ಮೂರನೆಯವರು ಕಷ್ಟ ಮರೆತಿರುತ್ತಾರೆ! ರಾತ್ರಿ ಎರಡಕ್ಕೆ ರೋಗಿ ಕೈತಪ್ಪುತ್ತಿದ್ದರೆ ಸೀನಿಯರ್ ವಾರ್ಡಿಗೆ ಬರುತ್ತಾರಾ, ಫೋನಿನಲ್ಲೇ ಹೇಳುತ್ತಾರಾ? ರಕ್ತದ ಸ್ಯಾಂಪಲ್ ಹೊತ್ತುಕೊಂಡು ಹೋಗುವವರು ಯಾರು? ಸರ್ಜರಿಯಾದರೆ, ಮೂರನೇ ವರ್ಷದ ಹೊತ್ತಿಗೆ ಚಾಕು ಯಾರ ಕೈಯಲ್ಲಿರುತ್ತದೆ? ನಡುವೆ ಸೀಟು ಬಿಟ್ಟು ಹೋದವರಿದ್ದಾರಾ? ಈ ಕೊನೆಯ ಪ್ರಶ್ನೆಗೆ ಆ ಕಡೆ ಮಾತು ತಡವರಿಸಿದರೆ ಇನ್ನೂ ಇಬ್ಬರನ್ನು ವಿಚಾರಿಸಿ.

ಪುಣೆ ರೈಲು ನಿಲ್ದಾಣದ ಪಕ್ಕದಲ್ಲೇ ಇರುವ ಸಸೂನ್‌ನಂಥ ದೊಡ್ಡ ಸರ್ಕಾರಿ ಆಸ್ಪತ್ರೆಗಳಲ್ಲಿ ರೋಗಿಗಳಿಗೆ ಕೊರತೆಯಿಲ್ಲ, ಕೈ ಬೇಗ ಪಳಗುತ್ತದೆ, ಮೈ ಬೇಗ ದಣಿಯುತ್ತದೆ. ಖಾಸಗಿ ಆಸ್ಪತ್ರೆಯ ಡಿಎನ್‌ಬಿಯಲ್ಲಿ ರೋಗಿ ಕನ್ಸಲ್ಟೆಂಟರದು. ನೋಡಿ ಕಲಿಯುವುದು ಹೆಚ್ಚು, ಮಾಡಿ ಕಲಿಯುವುದು ಆ ಕನ್ಸಲ್ಟೆಂಟರ ಮನಸ್ಸಿಗೆ ಬಿಟ್ಟದ್ದು.

ಭಾಷೆಗೆ ಹೆದರಬೇಡಿ. ಧಾರವಾಡ, ಬೆಳಗಾವಿಯವರಿಗೆ ವಾರ್ಡಿನ ಮರಾಠಿ ಬೇಗ ಒಲಿಯುತ್ತದೆ. ಮೈಸೂರಿನವರು ಸ್ವಲ್ಪ ತಡವರಿಸುತ್ತಾರೆ, ಅಷ್ಟೇ. ಅಕ್ಕಲಕೋಟೆ, ಜತ್ತ ಕಡೆಯ ಅಜ್ಜಿಯೊಬ್ಬಳು ದಾಖಲಾದರೆ ಇಡೀ ಯೂನಿಟ್ಟು ನಿಮ್ಮನ್ನೇ ಹುಡುಕುತ್ತದೆ.

ಇನ್ನು ವರ್ಷಗಳ ಲೆಕ್ಕ. ಮೂರು ವರ್ಷದೊಳಗೆ ಮೂರು ತಿಂಗಳು ಜಿಲ್ಲಾ ರೆಸಿಡೆನ್ಸಿ ಕಡ್ಡಾಯ. ಮಹಾರಾಷ್ಟ್ರದ ಸರ್ಕಾರಿ ಕಾಲೇಜಾದರೆ ಪದವಿಯ ನಂತರ ಒಂದು ವರ್ಷದ ಸೇವಾ ಬಾಂಡ್ ಇದೆ. ಅಂದರೆ ಊರಿಗೆ ಮರಳುವುದು ನಾಲ್ಕು ವರ್ಷಕ್ಕೆ. ಮದುವೆ, ಮಗು, ವಯಸ್ಸಾದ ತಂದೆತಾಯಿ ಎಲ್ಲ ಈ ನಾಲ್ಕರೊಳಗೇ ಬರುತ್ತವೆ. ಆಯ್ಕೆ ಪಟ್ಟಿ ಲಾಕ್ ಮಾಡುವ ಮುನ್ನ ಆ ವರ್ಷದ ಮಾಹಿತಿ ಪುಸ್ತಿಕೆಯ ಬಾಂಡ್ ಪುಟವನ್ನೂ ಸೀಟು ಬಿಟ್ಟರೆ ಕಟ್ಟಬೇಕಾದ ದಂಡದ ಸಾಲನ್ನೂ ಮನೆಯವರೊಂದಿಗೆ ಕೂತು ಓದಿ.