ಜೇಬುಚಾಕು ಕೊಳ್ಳುವ ಬೆಳೆಗಾರರಲ್ಲಿ ಒಂದು ಅರಿಕೆ

ಕಾಫಿಗೆ ಬೆಲೆ ಬಂದರೆ ಅದರ ಗುರುತು ಮೊದಲು ಮನೆಯ ಮಾಡಿನಲ್ಲಿ, ಆಮೇಲೆ ಜೀಪಿನಲ್ಲಿ, ಕೊನೆಗೆ ಜೇಬಿನಲ್ಲಿ ಕಾಣುತ್ತದೆ. 2024–25ರಲ್ಲಿ ರೋಬಸ್ಟಾ, ಅರೇಬಿಕಾ ಎರಡೂ ಹಿಂದೆಂದೂ ಕಾಣದ ದರ ಮುಟ್ಟಿದ ಮೇಲೆ ನಮ್ಮ ಶನಿವಾರಸಂತೆ, ಕೊಡ್ಲಿಪೇಟೆ ಸೀಮೆಯ ಜೇಬುಗಳಲ್ಲೂ ದುಬಾರಿ ಮಡಚುಚಾಕುಗಳು ಹೊಕ್ಕಿವೆ. ಹಿಂದೆ ಇಂಥ ಚಾಕು ಬೇಕಾದರೆ ಮಸ್ಕತ್ತಿನಿಂದಲೋ ದುಬೈಯಿಂದಲೋ ರಜೆಗೆ ಬರುವ ನೆಂಟರನ್ನು ಕಾಯಬೇಕಿತ್ತು. ಈಗ ಪಾರ್ಸಲಿನಲ್ಲಿ ಬರುತ್ತದೆ. ಸಂಘದ ಮಳಿಗೆಯಲ್ಲೂ ಇವನ್ನು ತರಿಸಿಡಬಾರದೇಕೆ ಎಂದು ಕೆಲವು ಸದಸ್ಯರು ಕೇಳುತ್ತಿದ್ದಾರೆ. ಈ ವಿಚಾರದಲ್ಲಿ ನಮಗೆ ತೋಚಿದ್ದನ್ನು ಇಲ್ಲಿ ಹೇಳುತ್ತೇವೆ.

ಚಾಕು ಕೈಗೆ ಬಂದ ಕೂಡಲೇ ನಾವೆಲ್ಲ ಮಾಡುವುದು ಒಂದೇ. ತೆರೆಯುತ್ತೇವೆ, ಮುಚ್ಚುತ್ತೇವೆ, 'ಟಕ್' ಎಂಬ ಸದ್ದು ಕೇಳಿ ತಲೆದೂಗುತ್ತೇವೆ. (ಹಳೆಯ ಹಿಂದಿ ಸಿನಿಮಾಗಳಲ್ಲಿ ರಾಂಪುರಿ ಚಾಕು ಅರ್ಧ ಹೆಸರು ಗಳಿಸಿದ್ದು ಆ ಸದ್ದಿನಿಂದಲೇ.) ಆಮೇಲೆ ಅಲಗನ್ನು ಬೆಳಕಿಗೆ ಹಿಡಿದು ನೋಡುತ್ತೇವೆ. ಹಿಡಿಯ ಎರಡು ಹೋಳುಗಳ ನಡುವೆ ಅದು ಸರಿಯಾಗಿ ಮಧ್ಯದಲ್ಲಿ ಕೂತಿದೆಯೇ, ಅಡ್ಡಡ್ಡ ಅಲ್ಲಾಡುತ್ತದೆಯೇ, ಬೆನ್ನಿನ ಸ್ಪ್ರಿಂಗು ಹಿಡಿಗೆ ಸಮವಾಗಿ ನಿಂತಿದೆಯೇ ಎಂದು ಪರೀಕ್ಷಿಸುತ್ತೇವೆ. ಇವೆಲ್ಲ ತಯಾರಿಕೆಯ ಅಚ್ಚುಕಟ್ಟಿಗೆ ಸೇರಿದ ಮಾತು. ದುಬಾರಿ ಚಾಕು ಮಾಡುವವರು ಈ ಪರೀಕ್ಷೆಯಲ್ಲಿ ಸಾಮಾನ್ಯವಾಗಿ ಗೆಲ್ಲುತ್ತಾರೆ. ಗೆದ್ದದ್ದನ್ನು ಕಂಡು ನಾವು ಹಣ ಎಣಿಸುತ್ತೇವೆ. ಆ ಚಾಕು ಯಾವ ಕೆಲಸಕ್ಕೆಂದು ರೂಪುಗೊಂಡಿದೆ ಎಂಬ ಪ್ರಶ್ನೆಯನ್ನು ಮಾತ್ರ ಕೇಳುವುದೇ ಇಲ್ಲ.

ಕಸಿ ಕಟ್ಟುವ ಕೆಲಸವನ್ನೇ ತೆಗೆದುಕೊಳ್ಳೋಣ. ಹಳೆಯ ರೋಬಸ್ಟಾ ಬುಡ ಕಡಿದು, ಹೊರಟ ಚಿಗುರಿಗೆ ಸಿ×ಆರ್ ಕಸಿ ಕಟ್ಟುವವರು ನಮ್ಮಲ್ಲಿ ಇದ್ದಾರೆ. ಸೊರಗುರೋಗದ ಭಯಕ್ಕೆ, ಅಮೆಜಾನ್ ಮೂಲದ ಪೈಪರ್ ಕೊಲುಬ್ರಿನಂ ಬಳ್ಳಿಯ ಮೇಲೆ ಕರಿಮೆಣಸನ್ನು ಕಸಿ ಮಾಡಿ ಅಡಿಕೆ ತೋಟದ ತಂಪಿನಲ್ಲಿ ಬೆಳೆಸುವವರೂ ಇದ್ದಾರೆ. ಎರಡರಲ್ಲೂ ಕಸಿಕಡ್ಡಿಯ ತುದಿಯನ್ನು ಬೆಣೆಯ ಹಾಗೆ ಚೂಪಾಗಿ, ಆದರೆ ಎರಡೂ ಮುಖ ಹಲಗೆಯಂತೆ ಸಪಾಟಾಗಿ ಬರುವ ಹಾಗೆ ಕೆತ್ತಬೇಕು. ಸಿಪ್ಪೆಯ ಕೆಳಗಿನ ಹಸಿರು ಪದರ ಇನ್ನೊಂದರ ಹಸಿರು ಪದರಕ್ಕೆ ಪೂರ್ತಿ ತಾಗಿದರೆ ಮಾತ್ರ ಕಸಿ ಹಿಡಿಯುತ್ತದೆ. ನಡುವೆ ಕೂದಲೆಳೆಯಷ್ಟು ಸಂದು ಉಳಿದರೂ ಗಾಳಿ ಹೊಕ್ಕು ಒಣಗುತ್ತದೆ.

ಇದಕ್ಕಾಗಿಯೇ ಕಸಿಚಾಕುವಿನ ಅಲಗಿಗೆ ಒಂದೇ ಮಗ್ಗುಲಲ್ಲಿ ಸಾಣೆ ಹಿಡಿದಿರುತ್ತಾರೆ. ಇನ್ನೊಂದು ಮಗ್ಗುಲು ಪೂರ್ತಿ ಸಪಾಟು. ಸಪಾಟು ಮಗ್ಗುಲು ಕಡ್ಡಿಗೆ ಒರಗಿಕೊಂಡು ನೆಟ್ಟಗೆ ಜಾರುತ್ತದೆ. ಜರ್ಮನಿಯ ರಾಯ್ಟ್‌ಲಿಂಗನ್ನಿನಲ್ಲಿ 1854ರಿಂದ ಚಾಕು ಮಾಡುತ್ತಿರುವ ಟೀನಾ ಕಂಪನಿಯ ಹೆಸರು ಲೋಕದ ನರ್ಸರಿಗಳಲ್ಲಿ ನಿಂತಿರುವುದು ಬಹುಮಟ್ಟಿಗೆ ಇಂಥ ಅಲಗಿನಿಂದ. ಎರಡು ಮಗ್ಗುಲಲ್ಲೂ ಉಬ್ಬಿದ ದಪ್ಪ ಅಲಗಿನ ಚಾಕು ಅದರ ಎರಡರಷ್ಟು ಬೆಲೆಯದಾಗಿರಲಿ, ಕೀಲು ಗಡಿಯಾರದಂತೆ ನಡೆಯಲಿ, ಕಡ್ಡಿಯನ್ನು ಸೀಳುತ್ತಾ ಹೊರಗೆ ಓಡುತ್ತದೆಯೇ ಹೊರತು ಸಪಾಟು ಮುಖ ಕೊಡುವುದಿಲ್ಲ. ಇನ್ನೊಂದು ಮಾತೂ ಇಲ್ಲೇ ಹೇಳಬೇಕು. ಒಂದೇ ಮಗ್ಗುಲ ಸಾಣೆಯ ಚಾಕು ಬಲಗೈಯವರಿಗೆ ಬೇರೆ, ಎಡಗೈಯವರಿಗೆ ಬೇರೆ. ಸಸಿಮಡಿಯಲ್ಲಿ ಕಸಿ ಕಟ್ಟುವ ಹೆಣ್ಣುಮಗಳು ಎಡಚಿಯಾಗಿದ್ದರೆ ಬಲಗೈ ಚಾಕು ಕೊಟ್ಟು, ಕಸಿ ಹಿಡಿಯದಾಗ ಅವಳ ಕೈಗುಣವನ್ನು ದೂರುವುದು ನ್ಯಾಯವಲ್ಲ.

ಕಂಬಚಿಗುರು ತೆಗೆಯಲು, ಗಿಡಗಸಿಯಲ್ಲಿ ಸಣ್ಣ ರೆಕ್ಕೆ ಸವರಲು ಬೇಕಾದದ್ದು ಬೇರೆಯೇ ಚಾಕು. ಅದರ ಬಾಯಿ ಒಳಕ್ಕೆ ಗಿಳಿಕೊಕ್ಕಿನಂತೆ ಬಾಗಿರಬೇಕು. ಎಳೆದಾಗ ಕೊಂಬೆ ಜಾರದೆ ಬಾಯಿಗೇ ಬಂದು ಬೀಳಬೇಕು. ನೆಟ್ಟನೆ ಚಾಕುವಿನಲ್ಲಿ ಎಳೆದರೆ ಸಿಪ್ಪೆ ಸುಲಿದು ಬುಡದವರೆಗೆ ಗಾಯವಾಗುತ್ತದೆ.

ಹಾಗಾದರೆ ತಯಾರಿಕೆ ಹೇಗಿದ್ದರೂ ನಡೆಯುತ್ತದೆಯೇ? ಖಂಡಿತ ಇಲ್ಲ. ಮಡಚುವ ಚಾಕುವಿನಲ್ಲಿ ತಯಾರಿಕೆಯ ದೋಷವೆಂದರೆ ಬೆರಳಿನ ಪ್ರಶ್ನೆ. ಸ್ಪ್ರಿಂಗು ಸೋತರೆ ಅಲಗು ಗೆಣ್ಣಿನ ಮೇಲೇ ಮುಚ್ಚುತ್ತದೆ. ಒಳ್ಳೆಯ ಕಸಿಚಾಕುವಿನ ಆಕಾರವನ್ನೇ ನಕಲು ಮಾಡಿದ ಅಗ್ಗದ ಚಾಕುಗಳನ್ನು ನಾವು ಕಂಡಿದ್ದೇವೆ. ನೋಡಲು ಅದೇ, ಆದರೆ ಒಂದು ಮಳೆಗಾಲ ಕಳೆಯುವುದರೊಳಗೆ ಕೀಲು ಸಡಿಲ, ಬಾಯಿ ಮೊಂಡ. ಅದಕ್ಕೆ ಕಾರಣ ಉಕ್ಕಿನ ಹದ. ಕಾಸಿದ ಉಕ್ಕನ್ನು ಎಣ್ಣೆಗೋ ನೀರಿಗೋ ಅದ್ದಿದರೆ ಗಾಜಿನಷ್ಟು ಪೆಡಸಾಗುತ್ತದೆ. ಮತ್ತೆ ಹಿತವಾಗಿ ಕಾಸಿ, ಒಣಹುಲ್ಲಿನ ಬಣ್ಣ ಮೂಡುವಾಗ, ಅಂದರೆ ಸುಮಾರು 200ರಿಂದ 230 ಡಿಗ್ರಿ ಸೆಂಟಿಗ್ರೇಡಿನಲ್ಲಿ ನಿಲ್ಲಿಸಿದರೆ ಬಾಯಿ ನಿಲ್ಲುತ್ತದೆ, ಮುರಿಯುವುದಿಲ್ಲ. ಈ ಹದ ಕಣ್ಣಿಗೆ ಕಾಣುವುದಿಲ್ಲ, ಹೊಳಪು ಕಾಣುತ್ತದೆ. ಕೊಳ್ಳುವವನು ಮೋಸಹೋಗುವ ಜಾಗ ಇದೇ.

ದುಬಾರಿಯಲ್ಲದೆಯೂ ವಿನ್ಯಾಸ ಗೆದ್ದದ್ದುಂಟು. ಫ್ರಾನ್ಸಿನ ಸವಾಯ್ ಬೆಟ್ಟಸೀಮೆಯಲ್ಲಿ ಕೊಡಲಿ, ಕತ್ತಿ ಮಾಡುವ ಮನೆತನದ ಜೋಸೆಫ್ ಒಪಿನೆಲ್ ಎಂಬವರು 1890ರಲ್ಲಿ ಒಂದು ರೈತಚಾಕು ರೂಪಿಸಿದರು. ಮರದ ಹಿಡಿ, ಅಲಗು, ಕೀಲಿನ ಮೊಳೆ, ಕತ್ತಿಗೊಂದು ಪಟ್ಟಿ. 1955ರಲ್ಲಿ ಅದಕ್ಕೆ ತಿರುಗುವ ಉಂಗುರ ಸೇರಿತು. ಉಂಗುರ ತಿರುಗಿಸಿದರೆ ಅಲಗು ಮುಚ್ಚುವಂತಿಲ್ಲ. ಒಟ್ಟು ಐದೇ ಭಾಗ, ಇಂದಿಗೂ ಸಾಮಾನ್ಯರ ಕೈಗೆಟುಕುವ ಬೆಲೆ. ಆದರೂ ಅದನ್ನು ಕಣ್ಣುಮುಚ್ಚಿ ಕೊಳ್ಳಿ ಎಂದು ನಾವು ಹೇಳುವುದಿಲ್ಲ. ಒದ್ದೆಯಾದರೆ ಮರದ ಹಿಡಿ ಉಬ್ಬಿ ಅಲಗು ಕಚ್ಚಿಕೊಳ್ಳುತ್ತದೆ. ಅವರ ಬೆಟ್ಟದಲ್ಲಿ ಅದು ಅಪರೂಪದ ತೊಂದರೆಯಾಗಿರಬಹುದು, ನಮ್ಮಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ದಿನನಿತ್ಯದ್ದು. ವಿನ್ಯಾಸವೆಂಬುದು ಊರಿಗೂ ಹವೆಗೂ ಅಂಟಿಕೊಂಡದ್ದು.

ನಮ್ಮ ಹವೆಗೆ ಏನು ಬೇಕು? ಒಳಗೆ ಮಣ್ಣು, ಅಂಟು ಸೇರಿದರೆ ನೀರು ಹೊಯ್ದು ತೊಳೆಯಲು ಬರುವಂಥ ತೆರೆದ ಹಿಡಿ ಬೇಕು. ಸಂದುಗೊಂದು ಹೆಚ್ಚಾದಷ್ಟೂ ರೋಗದ ಗಿಡ ಕೊಯ್ದ ರಸ ಅಲ್ಲೇ ಉಳಿದು ಮುಂದಿನ ಗಿಡಕ್ಕೆ ಹೋಗುತ್ತದೆ. ಒದ್ದೆ ಕೈಯಲ್ಲಿ ತೆರೆಯಲು ಉಗುರು ಸಿಕ್ಕುವಷ್ಟು ಆಳದ ಗೀರು ಅಲಗಿನಲ್ಲಿರಬೇಕು. ಹಿಡಿಗೆ ಕೆಂಪೋ ಹಳದಿಯೋ ಬಣ್ಣವಿದ್ದರೆ ಒಳ್ಳೆಯದು. ಬೀಟೆಮರದ ಹಿಡಿ ಅಂಗಡಿಯ ಗಾಜಿನೊಳಗೆ ಎಷ್ಟು ಚೆಂದವೋ ಕಾಫಿಗಿಡದ ಬುಡದ ತರಗಿನಲ್ಲಿ ಬಿದ್ದಾಗ ಅಷ್ಟೇ ಅದೃಶ್ಯ. ಸ್ಟೇನ್‌ಲೆಸ್ ಉಕ್ಕು ತುಕ್ಕಿಗೆ ತಡೆಯುತ್ತದೆ ನಿಜ, ಆದರೆ ಮನೆಯ ಸಾಣೆಕಲ್ಲಿಗೆ ಬೇಗ ಬಗ್ಗುವುದಿಲ್ಲ. ಸಾದಾ ಉಕ್ಕು ಬೇಗ ಹರಿತವಾಗುತ್ತದೆ. ಅಡಿಕೆಯ ಚೊಗರು ತಾಗಿ ಅದು ಕಪ್ಪಾದರೆ ಹೆದರಬೇಕಿಲ್ಲ, ಕೆಂಪು ತುಕ್ಕೇ ಶತ್ರು. ಸಂಜೆ ಒರೆಸಿ ಎರಡು ಹನಿ ಕೊಬ್ಬರಿ ಎಣ್ಣೆ ಸವರಿದರೆ ಆಯಿತು.

ಈ ಜಿಲ್ಲೆಯವರಿಗೆ ಕತ್ತಿಯ ವಿಚಾರ ಹೊಸತೇನಲ್ಲ. ಕೊಡವರ ಉಡುಪಿನ ಪೀಚೆಕತ್ತಿಯ ಹಿಡಿ, ಒರೆಗಳ ಬೆಳ್ಳಿ ಕೆಲಸವನ್ನು ಮೆಚ್ಚದವರಿಲ್ಲ. ಅದರ ಸರಪಳಿಯಲ್ಲಿ ಚಿಮಟ, ಕಿವಿಕಡ್ಡಿಗಳಂಥ ಪುಟ್ಟ ಸಲಕರಣೆಗಳೂ ತೂಗುತ್ತಿದ್ದವು. ಸ್ವಿಟ್ಜರ್ಲೆಂಡಿನ ಕಾರ್ಲ್ ಎಲ್ಸೆನರ್ ಅವರು 1897ರಲ್ಲಿ ಹೊರತಂದ ಆಫೀಸರ್ ಚಾಕುವಿನ ಯೋಚನೆ ನಮ್ಮ ಸೊಂಟದಲ್ಲಿ ಬೇರೆ ರೂಪದಲ್ಲಿ ಇತ್ತೆನ್ನಬಹುದು. ಅದರ ಜತೆಯ ಒಡಿಕತ್ತಿಗೆ ಬೆಳ್ಳಿಯ ಹಂಗಿಲ್ಲ. ಅಗಲ ಅಲಗು, ಮುಂದೆ ತೂಕ, ಬೆನ್ನ ಹಿಂದಿನ ತೊಡಂಗಿನಲ್ಲಿ ಬರಿದೇ ಸಿಕ್ಕಿಸಿದರೆ ಸಾಕು. ಕಾಡು ಸವರುವ ಆ ಆಕಾರವನ್ನು ಇಂದಿಗೂ ಯಾರೂ ತಿದ್ದಬೇಕಾಗಿಲ್ಲ. ಮದುವೆಗೆಂದೇ ಕೊಳ್ಳುವ ಪೀಚೆಕತ್ತಿಯ ಅಲಗು ಮೊಂಡಾಗಿದ್ದರೂ ನಡೆದೀತು. ತೋಟಕ್ಕೆ ಕೊಳ್ಳುವ ಚಾಕುವನ್ನೂ ಅದೇ ಕಣ್ಣಿನಿಂದ ಆರಿಸುವುದು ಸರಿಯೇ?

ಆದ್ದರಿಂದ ಮಳಿಗೆಗೆ ಚಾಕು ತರಿಸುವುದಾದರೆ ಕಸಿ ಕಟ್ಟುವ ಸಪಾಟು ಅಲಗಿನದು, ಬಲಗೈ ಎಡಗೈ ಎರಡಕ್ಕೂ, ಮತ್ತು ಚಿಗುರು ತೆಗೆಯುವ ಬಾಗಿದ ಬಾಯಿಯದು, ಇಷ್ಟು ಸಾಕು ಎಂಬುದು ನಮ್ಮ ಅಭಿಪ್ರಾಯ. ಟೈಟಾನಿಯಂ ಹಿಡಿಯದು ಬೇಕಾದವರು ತಮ್ಮ ಖರ್ಚಿನಲ್ಲಿ ತರಿಸಿಕೊಳ್ಳಲಿ, ನಮ್ಮ ಆಕ್ಷೇಪವಿಲ್ಲ. ಇನ್ನು ಮಡಚಲೇಬೇಕೆಂಬ ಹಟವಿಲ್ಲದವರಿಗೆ ಕುಲುಮೆಯ ದಾರಿ ಇದ್ದೇ ಇದೆ. ಲಾರಿಯ ಕಮಾನುಪಟ್ಟಿಯ ಉಕ್ಕಿನಲ್ಲಿ ಗಿಳಿಕೊಕ್ಕಿನ ಚಾಕು ಮಾಡಿ ಮರದ ಒರೆ ಹಾಕಿಸಿಕೊಂಡರೆ ಕೀಲೂ ಇಲ್ಲ, ಸ್ಪ್ರಿಂಗೂ ಇಲ್ಲ, ಬೆರಳಿನ ಮೇಲೆ ಮುಚ್ಚುವ ಭಯವೂ ಇಲ್ಲ. ಆಚಾರಿಗೆ ಬಾಯಿಮಾತಿನಲ್ಲಿ ಹೇಳುವ ಬದಲು ರಟ್ಟಿನಲ್ಲಿ ಆಕಾರ ಕತ್ತರಿಸಿ ಕೊಡಿ. ಮುಂದಿನ ಗಿಡಗಸಿಗೆ ಬೇಕಾದವರು ಕೊಯ್ಲು ಮುಗಿಯುವ ಮೊದಲೇ ಹೇಳಿಟ್ಟರೆ ಒಳ್ಳೆಯದು, ಆಮೇಲೆ ಕುಲುಮೆಯ ಮುಂದೆ ಮರಗಸಿಯ ಕತ್ತಿಗಳದ್ದೇ ಸಾಲು.