ಮೂಗಿಗೆ ತಿಳಿಯದ ಸೋರಿಕೆ

ನಮ್ಮ ಜತ್ತ ಭಾಗದಾಗ ಡ್ರಿಪ್ ಪೈಪಿಗೆ ಒಂದು ತೂತು ಬಿತ್ತಂದ್ರ ರಾತ್ರಿ ಬ್ಯಾಟರಿ ಹಿಡಕೊಂಡು ಹೋಗಿ ಕಟ್ಟಿ ಬರ್ತೀವಿ. ನೀರಿನ ಬೆಲೆ ನಮಗೆ ಗೊತ್ತು. ಅದೇ ನಮ್ಮ ಒಣದ್ರಾಕ್ಷಿ ಇಡುವ ಕೋಲ್ಡ್ ಸ್ಟೋರೇಜಿನ ಪೈಪಿನಿಂದ ಗ್ಯಾಸು ಸೋರಿದರೆ ಯಾರೂ ಏಳುವುದಿಲ್ಲ. ಹೋದ ವರ್ಷ ಒಂದು ಕಡೆ ಕೇಳಿದೆ. “ಕಾಕಾ, ಗ್ಯಾಸ್ ಕಡಿಮಿ ಆಗಿತ್ತು, ತುಂಬಿದ್ವಿ, ಮುಗೀತು” ಅಂದ ಮೆಕ್ಯಾನಿಕ್ ಹುಡುಗ. ಮೊದಲಿದ್ದ ಗ್ಯಾಸು ಎಲ್ಲಿ ಹೋತು? ಅದಕ್ಕೆ ಉತ್ತರವಿಲ್ಲ.

ಹಳೆಯ ದೊಡ್ಡ ಸ್ಟೋರೇಜುಗಳಲ್ಲಿ ಹೆಚ್ಚಾಗಿ ಅಮೋನಿಯಾ ಇರುತ್ತದೆ. ಸೋರಿದರೆ ಕಣ್ಣು ಉರಿದು ಜನ ಹೊರಗೆ ಓಡುತ್ತಾರೆ. ಅದು ಜೀವಕ್ಕೆ ಅಪಾಯ, ಆದರೆ ಭೂಮಿಯನ್ನು ಕಾಯಿಸುವುದಿಲ್ಲ. ಇನ್ನು ಕೆಲವು ಕಡೆ 404ಎ ಎಂಬ ಗ್ಯಾಸು. ಇದು ಸೋರಿದರೆ ಮೂಗಿಗೆ ತಿಳಿಯುವುದಿಲ್ಲ. ಆದರೆ ಇದರ ಒಂದು ಕಿಲೋ ಗಾಳಿಗೆ ಹೋದರೆ, ನೂರು ವರ್ಷದ ಲೆಕ್ಕದಲ್ಲಿ, ಸುಮಾರು 3,900 ಕಿಲೋ ಇಂಗಾಲದ ಡೈಆಕ್ಸೈಡಿನಷ್ಟು ಕಾವು ಹಿಡಿಯುತ್ತದೆ. ಅಂದರೆ 1,400 ಲೀಟರಿಗೂ ಹೆಚ್ಚು ಡೀಸೆಲ್ ಸುಟ್ಟಷ್ಟು! ಬಿಸಿಲು ಹೆಚ್ಚಾತು, ಮಳಿ ಹೋತು ಅಂತ ದೇವರನ್ನು ಬಯ್ಯುವ ನಾವು ಇದನ್ನೂ ನೋಡಬೇಕಲ್ಲ?

ಇಂಥ ಗ್ಯಾಸು ಕಡಿಮೆ ಮಾಡಲು 2016ರಲ್ಲಿ ಕಿಗಾಲಿಯಲ್ಲಿ ದೇಶದೇಶಗಳ ಒಪ್ಪಂದವಾಯಿತು. ಭಾರತ 2021ರಲ್ಲಿ ಒಪ್ಪಿತು. 2032ರಿಂದ ಇಳಿಸುತ್ತ 2047ಕ್ಕೆ ಶೇಕಡಾ 85ರಷ್ಟು ಇಳಿಸಬೇಕು. ಒಳ್ಳೇದು. ಆದರೆ ಇವತ್ತು ಪೈಪಿನೊಳಗೆ ಇರುವ ಗ್ಯಾಸನ್ನು ಕಾಯುವವರು ಯಾರು? ಯುರೋಪಿನವರು 2006ರಲ್ಲೇ ಕಾಯ್ದೆ ಮಾಡಿ, ದೊಡ್ಡ ಯಂತ್ರಗಳಿಗೆ ಇಂತಿಷ್ಟು ತಿಂಗಳಿಗೊಮ್ಮೆ ಸೋರಿಕೆ ನೋಡಬೇಕು, ತುಂಬಿದ ಗ್ಯಾಸನ್ನು ದಾಖಲೆಯಲ್ಲಿ ಬರೆಯಬೇಕು ಅಂದರು. ನಮಗೂ ಅಂಥ ಬಿಗಿ ಬೇಕು. ರಿಪೇರಿ ಮಾಡುವಾಗ ಹಳೇ ಗ್ಯಾಸನ್ನು ಗಾಳಿಗೆ ಬಿಡದೆ ಸಿಲಿಂಡರಿಗೆ ತುಂಬಿಕೊಳ್ಳಬೇಕು.

“ಕಾಯ್ದೆ ಬಂದ್ರ ಬಾಡಿಗಿ ಏರತೈತಿ, ರೈತನ ತಲಿ ಮ್ಯಾಲ ಬೀಳತೈತಿ” ಅನ್ನುವವರಿದ್ದಾರೆ. ಈಗ ಬೀಳುತ್ತಿಲ್ಲವೇನು? ಮತ್ತೆ ಮತ್ತೆ ತುಂಬುವ ಗ್ಯಾಸಿನ ದುಡ್ಡು ಯಾರ ಬಾಡಿಗೆಯಿಂದ ಬಂತು? ನಾನು ಭಜನಿ ಹಾಡುವವ. ಪೇಟಿಯ ತಿದಿ ತೂತಾದರೆ ಎಷ್ಟು ಒತ್ತಿದರೂ ಸ್ವರ ಏಳುವುದಿಲ್ಲ, ಕೈ ಸೋಲುತ್ತದೆ. ಗ್ಯಾಸು ಕಡಿಮೆಯಾದ ಯಂತ್ರವೂ ಹಾಗೇ, ತಂಪು ಕಡಿಮೆ, ಕರೆಂಟು ಹೆಚ್ಚು. ಪೈಪಿನ ಜೋಡಣೆಗೆ ಸಾಬೂನು ನೊರೆ ಹಚ್ಚಿದರೂ ದೊಡ್ಡ ತೂತು ಗುಳ್ಳೆ ಎಬ್ಬಿಸಿ ತೋರಿಸುತ್ತದೆ. ಅದಕ್ಕೆಷ್ಟು ಖರ್ಚು?

ಬರುವ ಹಂಗಾಮಿಗೆ ಮಾಲು ಇಡುವ ಮೊದಲು ಎಲ್ಲರೂ ಒಂದು ಮಾತು ಕೇಳೋಣ: “ಗ್ಯಾಸಿನ ಲೆಕ್ಕದ ವಹಿ ತೋರಸ್ರಿ.” ಮಾಸ್ತರರು ಶಾಲೆಯಲ್ಲಿ ಹೇಳಿಕೊಡಲಿ. ಕಾಣದ್ದನ್ನು ಕೇಳಿ ತಿಳಿಯಬೇಕು. ಕೇಳದಿದ್ದರೆ ಅದು ಸೋರುತ್ತಲೇ ಇರುತ್ತದೆ.